ಹಳೇ ಒಲೆಗೆ ದುಡ್ಡು ಹಾಕಬೇಕಾ, ಹೊಸದೇ ತರಬೇಕಾ?

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಹಳೇ ಗ್ಯಾಸ್ ಒಲೆಗಳದ್ದೇ ಗೋಳು. ಮಾಳಿಗೆ ಮೇಲೆ ತೆನೆ, ಕೋಳಿ ಸುಡುವ ಗ್ರಿಲ್‌ನಿಂದ ಹಿಡಿದು ಖಾನಾವಳಿಯ ಭಟ್ಟಿಯವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: ರಿಪೇರಿಯೋ, ಹೊಸದೋ? ಯಾವ ಒಲೆಯಾದರೂ ಅದರಲ್ಲಿ ಎರಡು ಜಾತಿಯ ಭಾಗಗಳಿರುತ್ತವೆ. ಬರ್ನರ್, ಪಾತ್ರೆ ಇಡುವ ಸ್ಟ್ಯಾಂಡ್, ಜಾಲರಿ ಇವು ಬೆಂಕಿ ತಾಗಿ ಸವೆಯುವಂಥವು. ಇವು ಕೆಟ್ಟರೆ ತೆಗೆದು ಬೇರೆ ಹಾಕಿದರಾಯಿತು. ವಾಲ್ವು, ಒಳಗಿನ ಗ್ಯಾಸ್ ಕೊಳವೆ, ಅವನ್ನು ಹೊತ್ತಿರುವ ಚೌಕಟ್ಟು ಇವು ಗ್ಯಾಸನ್ನು ಹಿಡಿದಿಡುವಂಥವು. ಒಲೆಯ ಆಯುಷ್ಯ ಇವುಗಳ ಮೇಲಿದೆ. ಕೆಳಗಿನ ಉತ್ತರಗಳನ್ನು ಈ ಲೆಕ್ಕ ಇಟ್ಟುಕೊಂಡು ಓದಿ.

ಪ್ರಶ್ನೆ: ಮಗ ಅಮೆರಿಕದಿಂದ ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ಮೂರು ಬರ್ನರಿನ ಗ್ಯಾಸ್ ಗ್ರಿಲ್ ತಂದಿದ್ದ. ಎಂಟು ವರ್ಷವಾಯಿತು. ಗೋವಿನಜೋಳದ ತೆನೆ, ಬದನೆಕಾಯಿ, ಕೋಳಿ ಸುಡಲು ಬಳಸುತ್ತೇವೆ. ಉಳಿದ ದಿನ ಮಾಳಿಗೆ ಮೇಲೆ ತಾಡಪತ್ರಿ ಹೊದಿಸಿಟ್ಟಿರುತ್ತೇವೆ. ಈ ಮಳೆಗಾಲ ಕಳೆದ ಮೇಲೆ ಒಂದು ಬರ್ನರ್ ಹಳದಿಯಾಗಿ ಉರಿಯುತ್ತಿದೆ, ಇನ್ನೊಂದು ಅರ್ಧಕ್ಕೇ ಹತ್ತುತ್ತದೆ. ಒಳಗೆಲ್ಲ ತುಕ್ಕು. ಗುಜರಿಗೆ ಹಾಕೋಣವೇ?
— ಸಪ್ತಾಪುರ, ಧಾರವಾಡ

ಉತ್ತರ: ಗುಜರಿಯವನನ್ನು ಕರೆಯುವ ಮೊದಲು ಒಂದು ಸ್ಕ್ರೂಡ್ರೈವರ್, ಒಂದು ಬಾಟಲಿ ತೊಳೆಯುವ ಬ್ರಶ್ ಹುಡುಕಿ. ಸಿಲಿಂಡರ್ ಬಿಚ್ಚಿ ದೂರ ಇಡಿ. ಮೇಲಿನ ಜಾಲರಿ, ಅದರ ಕೆಳಗಿನ ಬಾಗಿದ ತಗಡುಗಳನ್ನು ಎತ್ತಿದರೆ ಬರ್ನರ್ ಕೊಳವೆಗಳು ಕಾಣುತ್ತವೆ. ಪ್ರತಿಯೊಂದೂ ಹಿಂದಿನ ತುದಿಯಲ್ಲಿ ಒಂದು ಸ್ಕ್ರೂ ಅಥವಾ ಪಿನ್ನಿನ ಮೇಲೆ ನಿಂತಿರುತ್ತದೆ. ಅದನ್ನು ಬಿಚ್ಚಿ, ಕೊಳವೆಯನ್ನು ಹಿಂದಕ್ಕೆ ಎಳೆದು ಮೇಲೆತ್ತಿದರೆ ಕೈಗೆ ಬರುತ್ತದೆ.

ಮುಂದಿನ ತುದಿಯ ಬಾಯಿ ನೋಡಿ. ಗ್ಯಾಸು ಗಾಳಿಯನ್ನು ಎಳೆದುಕೊಳ್ಳುವ ಜಾಗ ಅದು. ಮಳೆಗಾಲವಿಡೀ ಮುಟ್ಟದೆ ಇಟ್ಟ ಗ್ರಿಲ್‌ನಲ್ಲಿ ಜೇಡ ಗೂಡು ಕಟ್ಟುವುದು ಅಲ್ಲೇ. ಅರ್ಧ ಮುಚ್ಚಿದರೆ ಗಾಳಿ ಸಾಲದೆ ಉರಿ ಹಳದಿಯಾಗುತ್ತದೆ. ಪೂರ್ತಿ ಮುಚ್ಚಿದರೆ ಗ್ಯಾಸು ಮುಂದೆ ಹೋಗಲಾರದೆ ಹಿಂದಕ್ಕೆ ತಿರುಗಿ, ತಿರುವುವ ನಾಬಿನ ಹಿಂದೆ ಬೆಂಕಿ ಹತ್ತುತ್ತದೆ. ಹೀಗಾಗಿ ಬಿಟ್ಟು ಬಿಟ್ಟು ಬಳಸುವವರು ಪ್ರತಿ ಸಲ ಹಚ್ಚುವ ಮುಂಚೆ ಈ ಬಾಯಿಗೆ ಬ್ರಶ್ ಆಡಿಸಲೇಬೇಕು. ನಿಮ್ಮ ಹಳದಿ ಉರಿ ಇಷ್ಟರಿಂದಲೇ ಸರಿಹೋದರೂ ಹೋದೀತು.

ಅರ್ಧಕ್ಕೆ ಹತ್ತುವ ಬರ್ನರಿನ ತೂತುಗಳನ್ನು ತೆಳು ತಂತಿಯಿಂದ ಬಿಡಿಸಿ, ದೊಡ್ಡದು ಮಾಡಬೇಡಿ. ಆಮೇಲೆ ಕೊಳವೆಯ ಉದ್ದಕ್ಕೂ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಹಪ್ಪಳದ ಹಾಗೆ ಪದರು ಏಳುತ್ತಿದ್ದರೆ, ಪಕ್ಕಪಕ್ಕದ ಎರಡು ತೂತು ಸೇರಿ ಒಂದಾಗಿದ್ದರೆ, ಅಥವಾ ಹೊಲಿಗೆಯಲ್ಲಿ ಬಿರುಕಿದ್ದರೆ ಆ ಕೊಳವೆಯ ಕೆಲಸ ಮುಗಿಯಿತು. ಅದೇ ಅಳತೆಯದು ತರಿಸಿ: ಒಟ್ಟು ಉದ್ದ, ಬಾಯಿಯ ವ್ಯಾಸ, ಬಾಯಿಂದ ಸ್ಕ್ರೂ ತೂತಿನವರೆಗಿನ ದೂರ, ಮೂರನ್ನೂ ಅಳೆದು ಬರೆದುಕೊಳ್ಳಿ. ಕೂರಿಸುವಾಗ ಜೆಟ್ಟಿನ (ವಾಲ್ವಿನ ತುದಿಯಲ್ಲಿ ಗ್ಯಾಸು ಚಿಮ್ಮುವ ಸಣ್ಣ ತೂತಿನ ಭಾಗ) ಮೂತಿ ಕೊಳವೆಯ ಬಾಯಿಯ ಒಳಗೇ, ನಡುಮಧ್ಯ ಬರಬೇಕು.

ಜಾಲರಿ ಮತ್ತು ಬಾಗು ತಗಡನ್ನು ಹೊರದೇಶದಿಂದ ತರಿಸುವುದು ದಂಡ. ಹುಬ್ಬಳ್ಳಿಯ ಗೋಕುಲ ರಸ್ತೆ ಕೈಗಾರಿಕಾ ವಸಾಹತಿನಲ್ಲಿ ಸ್ಟೀಲ್ ಫ್ಯಾಬ್ರಿಕೇಶನ್ ಮಾಡುವವರಿಗೆ ಹಳೆಯದನ್ನೇ ನಮೂನೆಗೆ ಕೊಟ್ಟರೆ ಮಾಡಿಕೊಡುತ್ತಾರೆ. ತಗಡು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಒಂದೂವರೆ ಮಿ.ಮೀ. ದಪ್ಪ ಇರಲಿ. ಅಗ್ಗವೆಂದು ಜಿಐ ಜಾಲರಿ ಹಾಕಲು ಒಪ್ಪಬೇಡಿ. ಅದರ ಸತುವಿನ ಲೇಪ ಕಾದು ಹೊಗೆಯಾದರೆ ಉಸಿರಿಗೂ ಊಟಕ್ಕೂ ವಿಷ. ಬರ್ನರ್ ಕೊಳವೆಯನ್ನು ಮಾತ್ರ ಇಲ್ಲಿ ಮಾಡಿಸಬೇಡಿ. ಸಾಲು ತೂತುಗಳ ಅಳತೆ ಕೂದಲೆಳೆ ತಪ್ಪಿದರೂ ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ.

ಇನ್ನು ನಿಜವಾದ ತೀರ್ಮಾನ. ಕೆಳಗಿನ ಡಬ್ಬಿ, ಅಂದರೆ ಬರ್ನರುಗಳನ್ನು ಹೊತ್ತಿರುವ ಪೆಟ್ಟಿಗೆ ತೂತಾಗಿದೆಯೇ? ಬರ್ನರಿನ ಹಿಂತುದಿ ಕೂರುವ ಅಂಚು ತುಕ್ಕು ತಿಂದು ಅಲುಗಾಡುತ್ತಿದೆಯೇ? ಸಿಲಿಂಡರ್ ಮತ್ತೆ ಜೋಡಿಸಿ, ನಾಬ್‌ಗಳನ್ನು ಮುಚ್ಚಿಟ್ಟು, ವಾಲ್ವುಗಳಿಗೆ ಗ್ಯಾಸು ಹಂಚುವ ಅಡ್ಡ ಕೊಳವೆಗೆ ಸಾಬೂನು ನೀರು ಸವರಿದರೆ ಗುಳ್ಳೆ ಏಳುತ್ತವೆಯೇ? ಮೂರರಲ್ಲಿ ಒಂದಕ್ಕೆ ಹೌದು ಎಂದರೂ ರಿಪೇರಿಗೆ ದುಡ್ಡು ಸುರಿಯಬೇಡಿ. ಆ ವಾಲ್ವುಗಳಿಗೆ ಇಲ್ಲಿ ಬಿಡಿಭಾಗ ಸಿಗುವುದು ಕಷ್ಟ, ಹೊಂದಿಸಿ ಹಾಕುವ ವಸ್ತುವೂ ಅಲ್ಲ. ಮೂರಕ್ಕೂ ಇಲ್ಲ ಎಂದಾದರೆ ಎರಡು ಕೊಳವೆ, ಒಂದು ಜಾಲರಿ ಹಾಕಿಸಿ ಇನ್ನೂ ನಾಲ್ಕೈದು ವರ್ಷ ತೆನೆ ಸುಡಬಹುದು.

ಕೇಳದಿದ್ದರೂ ಒಂದು ಮಾತು. ಅಮೆರಿಕದ ಗ್ರಿಲ್‌ಗಳು 11 ಇಂಚು ನೀರಿನ ಒತ್ತಡಕ್ಕೆ ಮಾಡಿದವು. ನಮ್ಮ ಮನೆಯ ರೆಗ್ಯುಲೇಟರು ಕೊಡುವ ಒತ್ತಡ ಚದರ ಸೆಂ.ಮೀ.ಗೆ 30 ಗ್ರಾಂ. ಎರಡೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಜೆಟ್ ಬದಲಿಸಬೇಕಿಲ್ಲ. ಅಲ್ಲಿನ ಸಿಲಿಂಡರಿನ ತಿರುಪು ಮಾತ್ರ ಇಲ್ಲಿನದಕ್ಕೆ ಕೂರುವುದಿಲ್ಲ, ಆ ಜೋಡಣೆಯನ್ನು ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. 30,000 ಬಿಟಿಯು (ಗಂಟೆಗೆ ಹೊಮ್ಮುವ ಕಾವಿನ ಅಳತೆ) ಗ್ರಿಲ್ ಪೂರ್ತಿ ಉರಿದರೆ ಗಂಟೆಗೆ ಸುಮಾರು 650 ಗ್ರಾಂ ಗ್ಯಾಸು ಎಳೆಯುತ್ತದೆ, ಅಡುಗೆಮನೆಯ ದೊಡ್ಡ ಬರ್ನರಿನ ಮೂರು ನಾಲ್ಕು ಪಟ್ಟು. ಮನೆಯ ರೆಗ್ಯುಲೇಟರಿಗೆ ಅದು ಭಾರ, ಮೂರನ್ನೂ ಒಟ್ಟಿಗೆ ಬಿಟ್ಟಾಗ ಉರಿ ಸೊರಗಿದರೆ ಗಾಬರಿಯಾಗಬೇಡಿ. ಅದಕ್ಕೆಂದು ಹೋಟೆಲಿನ ಹೈ ಪ್ರೆಶರ್ ರೆಗ್ಯುಲೇಟರ್ ಹಾಕಿದರೆ ಉರಿ ಬರ್ನರಿನಿಂದ ಮೇಲೆದ್ದು ಹಾರುತ್ತದೆ, ವಾಲ್ವಿನ ಸೀಲೂ ಹೋಗುತ್ತದೆ. ತಾಡಪತ್ರಿಯನ್ನು ಬಿಗಿಯಾಗಿ ಸುತ್ತಿ ಕಟ್ಟಿದರೆ ಒಳಗೆ ಬೆವರು ಹಿಡಿದು ಮಳೆಗಿಂತ ಹೆಚ್ಚು ತುಕ್ಕು ತರುತ್ತದೆ. ಕೆಳಗೆ ಒಂದು ಗೇಣು ಗಾಳಿಗೆ ಬಿಡಿ.

ಪ್ರಶ್ನೆ: ನಮ್ಮದು ರೊಟ್ಟಿ ಮಾಡಿ ಮಾರೂ ಕೆಲಸ. ದಿನಾ ನೂರಾ ಇಪ್ಪತ್ತು ಜೋಳದ ರೊಟ್ಟಿ ಬಡೀತೀವಿ. ಎರಡು ಬರ್ನರಿನ ಒಲಿ, ಒಂಬತ್ತು ವರ್ಷದ್ದು. ಉರಿ ಒಂದ ಬಾಜೂಕ ಹೊಳ್ಳತೈತಿ, ಹಂಚಿನ ತಳಾ ಮಸಿ ಆಗತೈತಿ. ದೊಡ್ಡ ಬರ್ನರಿನ ನಾಬ್ ತಿರುವಾಕ ಇಕ್ಕಳ ಬೇಕಾಗೇತಿ. ಮೆಕ್ಯಾನಿಕ್ ಹೊಸಾದ ತಗೋರಿ ಅಂತಾನ. ಖರೇನ?
— ಹಳೇ ಹುಬ್ಬಳ್ಳಿ

ಉತ್ತರ: ಅಕ್ಕಾರ, ಅರ್ಧ ಖರೆ. ಮೊದಲು ಉರಿಯ ವಿಷಯ. ರೊಟ್ಟಿ ಒಲೆಯ ಬರ್ನರ್ ಬೇರೆ ಮನೆಯ ಬರ್ನರಿನ ಹಾಗೆ ಕೆಡುವುದಿಲ್ಲ. ರೊಟ್ಟಿ ಎತ್ತಿ ಹಾಕುವಾಗ ಹಿಟ್ಟು ಉದುರುತ್ತದೆ, ನೀರು ಸವರುವ ಅರಿವೆಯಿಂದ ಹನಿ ಬೀಳುತ್ತದೆ. ಎರಡೂ ಸೇರಿ ತೂತಿನಲ್ಲಿ ಸುಟ್ಟು ಕಲ್ಲಾಗುತ್ತವೆ. ಒಂದು ಬದಿಯ ತೂತು ಮುಚ್ಚಿದರೆ ಉರಿ ಇನ್ನೊಂದು ಬದಿಗೆ ಹೊರಳುತ್ತದೆ. ನಿಮ್ಮ ಒಲೆಗೆ ಆಗಿರುವುದು ಇದೇ.

ಬರ್ನರ್ ಹಿತ್ತಾಳೆಯದಾದರೆ ಲಿಂಬೆ ಗಾತ್ರದ ಹುಣಸೆಹಣ್ಣು ಕಿವುಚಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಪಿನ್ನಿನಿಂದ ಒಂದೊಂದೇ ತೂತು ಬಿಡಿಸಿ, ತೊಳೆದು, ತಲೆಕೆಳಗು ಇಟ್ಟು ಪೂರ್ತಿ ಒಣಗಿಸಿ. ಹಸಿ ಬರ್ನರ್ ಕೂರಿಸಿದರೆ ಉರಿ ಪಟಪಟ ಅನ್ನುತ್ತದೆ. ಅಲ್ಯೂಮಿನಿಯಂ ಬರ್ನರಿಗೆ ಹುಳಿಯೂ ಬೇಡ, ವಾಷಿಂಗ್ ಸೋಡಾ ಅಂತೂ ಬೇಡವೇ ಬೇಡ, ಲೋಹವನ್ನೇ ತಿನ್ನುತ್ತದೆ. ಸಾಬೂನು ನೀರು ಸಾಕು. ತೊಳೆದ ಮೇಲೂ ಮುಚ್ಚಳ ಕೆಳಭಾಗದ ಮೇಲೆ ಸಪಾಟಾಗಿ ಕೂರದೆ ಕುಂಟಿದರೆ, ಒಲೆ ಸಣ್ಣ ಮಾಡಿದಾಗ ‘ಟಪ್’ ಎಂದು ಉರಿ ಒಳಗೆ ಇಳಿದು ಜೆಟ್ಟಿನ ಹತ್ತಿರ ಹತ್ತಿಕೊಂಡರೆ ಬರ್ನರ್ ಸವೆದಿದೆ ಎಂದರ್ಥ. ಬರ್ನರ್ ಮಾತ್ರ ಬದಲಿಸಿ.

ಜೆಟ್ಟಿಗೆ ಸೂಜಿ ಹಾಕಬೇಡಿ, ಹಾಕಲು ಬಿಡಲೂ ಬೇಡಿ. ಅದರ ತೂತು ಒಂದು ಮಿ.ಮೀ.ಗಿಂತ ಕಡಿಮೆ. 0.70 ಮಿ.ಮೀ. ತೂತು ಸೂಜಿ ಚುಚ್ಚಿ 0.77 ಆದರೆ ಕಣ್ಣಿಗೆ ಏನೂ ಕಾಣದು, ಆದರೆ ಗ್ಯಾಸು ನೂರಕ್ಕೆ 21 ಪಾಲು ಜಾಸ್ತಿ ನುಗ್ಗುತ್ತದೆ. ಗಾಳಿ ಅಷ್ಟೇ, ಗ್ಯಾಸ್ ಹೆಚ್ಚು, ಆಗ ಮಸಿ. ಜೆಟ್ ಬಿಚ್ಚಿಸಿ ಗಾಳಿ ಊದಿಸಿ. ಹೋಗದಿದ್ದರೆ ಅದೇ ನಂಬರಿನ ಹೊಸದು ಹಾಕಿಸಿ. ಒಲೆಯಲ್ಲಿ ಅತ್ಯಂತ ಅಗ್ಗದ ಭಾಗ ಅದು.

ಮಸಿಗೆ ಇನ್ನೊಂದು ಕಾರಣ ಹಂಚು. ಹನ್ನೆರಡು ಇಂಚಿನ ಕಬ್ಬಿಣದ ಹಂಚು ಬರ್ನರಿನ ಮೇಲೆ ಮುಚ್ಚಳದ ಹಾಗೆ ಕೂತರೆ ಸುತ್ತಲಿನ ಗಾಳಿ ಉರಿಗೆ ಸಿಗುವುದಿಲ್ಲ. ಸ್ಟ್ಯಾಂಡಿನ ಕಾಲು ಸವೆದು ಹಂಚು ಕೆಳಗಿಳಿದಿದೆಯೇ ನೋಡಿ. ಬರ್ನರಿನ ತಲೆಗೂ ಹಂಚಿನ ತಳಕ್ಕೂ ನಡುವೆ ಹೆಬ್ಬೆರಳು ಅಡ್ಡ ಹೋಗುವಷ್ಟು ಜಾಗ ಬೇಕು. ಹಂಚಿನಿಂದ ಹೊಡೆಯುವ ಅದೇ ಕಾವು ವಾಲ್ವಿನ ಗ್ರೀಸನ್ನು ಒಣಗಿಸುತ್ತದೆ, ನಾಬ್ ಬಿಗಿಯಾಗುವುದು ಅದಕ್ಕೇ.

ಇಕ್ಕಳ ಹಚ್ಚಿ ತಿರುವುವುದನ್ನು ಇವತ್ತೇ ನಿಲ್ಲಿಸಿ. ವಾಲ್ವಿನೊಳಗೆ ಶಂಕುವಿನಾಕಾರದ ಹಿತ್ತಾಳೆ ಬಿರಡೆ ಇರುತ್ತದೆ. ಪ್ರತಿ ಬಿರಡೆಯನ್ನೂ ಅದರದೇ ಗೂಡಿಗೆ ಉಜ್ಜಿ ಕೂರಿಸಿರುತ್ತಾರೆ. ಎಡ ಬಲ ಅದಲುಬದಲಾದರೆ ಸೋರುತ್ತದೆ. ಮೆಕ್ಯಾನಿಕ್ ಬಿರಡೆ ತೆಗೆದು ಒರೆಸಿ, ಕಾವು ತಡೆಯುವ ವಾಲ್ವ್ ಗ್ರೀಸನ್ನು ಬೆರಳಲ್ಲಿ ಸವರಿದಷ್ಟೇ ತೆಳುವಾಗಿ ಹಚ್ಚಬೇಕು. ಕೊಬ್ಬರಿ ಎಣ್ಣೆ, ವ್ಯಾಸಲೀನ್, ಸೈಕಲ್ ಗ್ರೀಸು ಎರಡು ದಿನ ನಯವಾಗಿ ಮೂರನೇ ದಿನ ಅಂಟಾಗುತ್ತವೆ. ಗ್ರೀಸ್ ಹಚ್ಚಿದ ಮೇಲೆ ಸಿಲಿಂಡರ್ ತೆರೆದು, ಒಲೆಯ ನಾಬ್‌ಗಳನ್ನು ಮುಚ್ಚಿಟ್ಟು, ಒಂದು ಲೋಟ ನೀರಿಗೆ ಒಂದು ಚಮಚ ಶಾಂಪೂ ಕದಡಿ ವಾಲ್ವಿನ ಸುತ್ತ ಮತ್ತು ಜೆಟ್ಟಿನ ಬಾಯಿಗೆ ಸವರಿ. ಒಂದೇ ಒಂದು ಗುಳ್ಳೆ ಉಬ್ಬಿದರೂ ಆ ವಾಲ್ವ್ ಬದಲಾಗಬೇಕು. ಗುಳ್ಳೆ ವಾಲ್ವಿನಲ್ಲಲ್ಲದೆ ಒಳಗಿನ ಕೊಳವೆಯ ಬೆಸುಗೆಯಲ್ಲಿ ಬಂದರೆ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಖರೆ; ಹೊಸ ಒಲೆ ತನ್ನಿ.

ಲೆಕ್ಕ ಹೀಗೆ ಹಾಕಿ: ಎರಡು ಬರ್ನರ್, ಎರಡು ಜೆಟ್, ಒಂದು ವಾಲ್ವ್, ಕೂಲಿ, ಎಲ್ಲ ಸೇರಿ ಹೊಸ ಒಲೆಯ ಮೂರನೇ ಒಂದು ಪಾಲಿನೊಳಗೆ ಮುಗಿದರೆ ರಿಪೇರಿ ಮಾಡಿಸಿ. ಅರ್ಧಕ್ಕೆ ಬಂದರೆ ಬೇಡ. ಹೊಸದು ಕೊಳ್ಳುವುದಾದರೆ ಗಾಜಿನ ಮೇಲ್ಮೈಯದು ರೊಟ್ಟಿಗೆ ಆಗಿಬರುವುದಿಲ್ಲ. ಸ್ಟೀಲ್ ಮೈ, ದಪ್ಪ ಸ್ಟ್ಯಾಂಡ್, ಹಿತ್ತಾಳೆ ಬರ್ನರ್, ಮೇಲೆ ಐಎಸ್ 4246 (ಮನೆಯ ಗ್ಯಾಸ್ ಒಲೆಗಳ ಭಾರತೀಯ ಮಾನಕ) ಮುದ್ರೆ ಇರುವುದನ್ನು ನೋಡಿ. ಹಾಂ, ಮಾರಾಟದ ಅಡುಗೆಗೆ ಮನೆಯ 14.2 ಕೆಜಿ ಸಿಲಿಂಡರ್ ಬಳಸುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. 19 ಕೆಜಿಯದ್ದಕ್ಕೆ ಏಜೆನ್ಸಿಯಲ್ಲಿ ವಿಚಾರಿಸಿ.

ಪ್ರಶ್ನೆ: ಮೊದಲು ಒಂದೂವರೆ ತಿಂಗಳು ಬರುತ್ತಿದ್ದ ಸಿಲಿಂಡರ್ ಈಗ ಮೂವತ್ತೈದು ದಿನಕ್ಕೆ ಖಾಲಿ. ಒಲೆಯದ್ದೇ ತಪ್ಪೇ?
— ರಾಣೆಬೆನ್ನೂರು

ಉತ್ತರ: ಮೊದಲು ವಾಸನೆ, ಸಾಬೂನು ನೀರು, ಸೋರಿಕೆ ಇಲ್ಲವೆಂದು ಖಾತ್ರಿ. ಆಮೇಲೆ ನೀರಿನ ಪರೀಕ್ಷೆ. ಸಪಾಟು ತಳದ ಅಗಲ ಪಾತ್ರೆಗೆ ಅಳೆದು 2 ಲೀಟರ್ ನೀರು ಹಾಕಿ, ಮುಚ್ಚಿ, ದೊಡ್ಡ ಬರ್ನರನ್ನು ಪೂರ್ತಿ ಬಿಟ್ಟು ಗಡಿಯಾರ ನೋಡಿ. ನಮ್ಮ ಕಡೆಯ ಎತ್ತರದಲ್ಲಿ ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಸುಸ್ಥಿತಿಯ ಒಲೆಗೆ ಎಂಟರಿಂದ ಹತ್ತು ನಿಮಿಷ. ಹದಿಮೂರು ದಾಟಿದರೆ ಒಂದೋ ಜೆಟ್ ಕಟ್ಟಿದೆ, ಇಲ್ಲವೇ ಉರಿ ಹಳದಿಯಾಗಿ ಪಾತ್ರೆಯ ಪಕ್ಕಕ್ಕೆ ಹೋಗುತ್ತಿದೆ. ಐಎಸ್ 4246 ಪ್ರಕಾರ ಒಲೆ ಕನಿಷ್ಠ ಶೇ 68ರಷ್ಟು ಕಾವನ್ನು ಪಾತ್ರೆಗೆ ಮುಟ್ಟಿಸಬೇಕು. ಅದು 58ಕ್ಕೆ ಇಳಿದರೆ ಅದೇ ಅಡುಗೆಗೆ ಶೇ 17ರಷ್ಟು ಹೆಚ್ಚು ಗ್ಯಾಸು. ನಿಮ್ಮ ಹತ್ತು ದಿನದಲ್ಲಿ ಆರೇಳು ದಿನ ಅಲ್ಲೇ ಸಿಕ್ಕಿತು. ಉಳಿದದ್ದಕ್ಕೆ ಮನೆಯಲ್ಲಿ ನೀರು ಕಾಯಿಸುವವರನ್ನು ವಿಚಾರಿಸಿ.

ಪ್ರಶ್ನೆ: ಖಾನಾವಳಿಯ ದೊಡ್ಡ ಭಟ್ಟಿಯ ಬೀಡಿನ (ಎರಕದ ಕಬ್ಬಿಣದ) ಬರ್ನರ್ ಸೀಳಿದೆ. ವೆಲ್ಡಿಂಗ್ ಮಾಡಿಸಬಹುದೇ? ಮಧ್ಯಾಹ್ನದ ಹೊತ್ತಿಗೆ ಸಿಲಿಂಡರಿನ ಮೈಮೇಲೆ ಮಂಜು ಹಿಡಿದು ಉರಿ ಇಳಿದುಹೋಗುತ್ತದೆ.
— ಬೆಟಗೇರಿ, ಗದಗ

ಉತ್ತರ: ಬೀಡಿಗೆ ವೆಲ್ಡಿಂಗ್ ನಿಲ್ಲುವುದಿಲ್ಲ, ಕಾದು ಆರಿ, ಕಾದು ಆರಿ ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಬರ್ನರ್ ಹೊಸದು ಹಾಕಿ. ಆಂಗ್ಲ್ ಕಬ್ಬಿಣದ ಚೌಕಟ್ಟನ್ನು ಮಾತ್ರ ಗ್ಯಾಸಿನ ಭಾಗಗಳನ್ನೆಲ್ಲ ಬಿಚ್ಚಿಟ್ಟು ಎಷ್ಟು ಸಲ ಬೇಕಾದರೂ ವೆಲ್ಡ್ ಮಾಡಿಸಿ. ಹೀಗಾಗಿ ಭಟ್ಟಿಯನ್ನು ಪೂರ್ತಿ ಬದಲಿಸುವ ಪ್ರಸಂಗ ಬಹಳ ಅಪರೂಪ. ರೆಗ್ಯುಲೇಟರು ಮತ್ತು ಪೈಪಿಗೆ ಈ ಸವಲತ್ತಿಲ್ಲ, ಅವಕ್ಕೆ ರಿಪೇರಿ ಎಂಬುದೇ ಇಲ್ಲ.

ಹೊಸ ಬರ್ನರ್ ಕೂರಿಸಿದ ಮೇಲೆ ಅದರ ಬಾಯಲ್ಲಿ ಗಾಳಿ ಹೆಚ್ಚುಕಡಿಮೆ ಮಾಡುವ ತಗಡನ್ನು ಮುಚ್ಚಿ ಹಚ್ಚಿ, ನಿಧಾನ ತೆರೆಯುತ್ತ ಹೋಗಿ. ಹಳದಿ ತುದಿ ಮಾಯವಾಗಿ ಉರಿ ನೀಲಿಯಾಗಿ ಬರ್ನರಿಗೆ ಅಂಟಿ ನಿಂತಾಗ ತಿರುಪು ಬಿಗಿ ಮಾಡಿ. ಇನ್ನೂ ತೆರೆದರೆ ಉರಿ ಮೇಲೆದ್ದು ಭರ್ರೆನ್ನುತ್ತದೆ. ಗದಗಿನ ಬೋರ್ ನೀರಿನ ಉಪ್ಪು ಉಕ್ಕಿ ಬಿದ್ದಲ್ಲೆಲ್ಲ ಬೆಳ್ಳಗೆ ಗಟ್ಟಿಯಾಗುವುದರಿಂದ ವಾರಕ್ಕೊಮ್ಮೆ ತಂತಿ ಬ್ರಶ್ ತಪ್ಪಿಸಬೇಡಿ.

ಮಂಜು ಬೀಳುವುದು ಸಿಲಿಂಡರಿನ ದೋಷವಲ್ಲ. ಒಳಗಿನ ದ್ರವ ಆವಿಯಾಗಲು ಕಾವು ಬೇಕು. ನೀವು ಎಳೆಯುವ ವೇಗಕ್ಕೆ ಹೊರಗಿನ ಗಾಳಿಯ ಕಾವು ಸಾಲುತ್ತಿಲ್ಲ, ಮೈ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ. ಎರಡು ಸಿಲಿಂಡರುಗಳನ್ನು ಜೋಡಿಯಾಗಿ ಸೇರಿಸುವ ಪೈಪ್‌ಲೈನನ್ನು ಏಜೆನ್ಸಿಯಿಂದ ಹಾಕಿಸಿ. ಕೆಲವು ಕಡೆ ಬಿಸಿನೀರು ಸುರಿಯುತ್ತಾರೆ, ಅಡ್ಡ ಮಲಗಿಸುತ್ತಾರೆ. ಎರಡೂ ಬೇಡ. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ಹರಿದು, ಹೊರಬಂದಾಗ ಸುಮಾರು 250 ಪಟ್ಟು ಹಿಗ್ಗಿ ಭಟ್ಟಿಯ ಮೇಲೆ ಬೆಂಕಿಯ ಕಂಬ ಏಳುತ್ತದೆ.

ಪ್ರಶ್ನೆ: ಗಾಜಿನ ಒಲೆಯ ಮೂಲೆಯಲ್ಲಿ ಸಣ್ಣ ಚೂರು ಹಾರಿದೆ. ಅಂಟು ಹಾಕಿ ಬಳಸಬಹುದೇ?
— ನವನಗರ, ಹುಬ್ಬಳ್ಳಿ

ಉತ್ತರ: ಬೇಡ. ಟಫನ್ಡ್ ಗಾಜು (ಕಾಯಿಸಿ ಗಟ್ಟಿ ಮಾಡಿದ್ದು) ಒಳಗಿನ ಬಿಗುವಿನ ಮೇಲೆ ನಿಂತಿರುತ್ತದೆ. ಅಂಚು ಮುಕ್ಕಾದ ಗಾಜು ಯಾವತ್ತೋ ಒಂದು ದಿನ ಸದ್ದು ಮಾಡಿ ಕಾಳುಕಾಳಾಗುತ್ತದೆ. ತೂತು ಕೊರೆದು, ಕತ್ತರಿಸಿ ಹೊಂದಿಸಲೂ ಬಾರದು. ಅದೇ ಮಾದರಿಯ ಗಾಜು ಕಂಪನಿಯ ಸರ್ವಿಸ್‌ನಲ್ಲಿ ಸಿಕ್ಕರೆ ಹಾಕಿಸಿ. ಸಿಗದಿದ್ದರೆ ಬರ್ನರು, ಸ್ಟ್ಯಾಂಡು ಚೆನ್ನಾಗಿದ್ದರೂ ಒಲೆ ಬಿಡಿ.

ಪ್ರಶ್ನೆ: ನಮ್ಮ ಬಡಾವಣೆಗೆ ಪೈಪಿನ ಗ್ಯಾಸ್ ಬಂದಿದೆ. ಹನ್ನೊಂದು ವರ್ಷದ ಒಲೆ ಅದಕ್ಕೂ ನಡೆಯುತ್ತದೆಯೇ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಜೆಟ್ ಬದಲಿಸಿದರೆ ನಡೆಯುತ್ತದೆ. ಪೈಪಿನಲ್ಲಿ ಬರುವುದು ಮೀಥೇನ್. ಒಂದು ಲೀಟರ್ ಸಿಲಿಂಡರ್ ಗ್ಯಾಸಿನಲ್ಲಿರುವ ಕಾವಿಗೆ ಇದರಲ್ಲಿ ಎರಡೂವರೆಯಿಂದ ಮೂರು ಲೀಟರ್ ಬೇಕು. ಆದ್ದರಿಂದ ತೂತು ದೊಡ್ಡದಿರಬೇಕು. ಸಂಪರ್ಕ ಕೊಡುವವರ ಕೈಯಲ್ಲೇ ಜೆಟ್ ಹಾಕಿಸಿ. ಅದಕ್ಕೆ ಮುಂಚೆ ವಾಲ್ವುಗಳಿಗೆ ಸಾಬೂನು ನೀರಿನ ಪರೀಕ್ಷೆ ಆಗಲಿ. ಹನ್ನೊಂದು ವರ್ಷದ ವಾಲ್ವ್ ಸೋರುತ್ತಿದ್ದರೆ ಜೆಟ್ಟಿಗೆ ದುಡ್ಡು ಹಾಕದೆ ಒಲೆ ಬದಲಿಸಿ. ಬಿಚ್ಚಿದ ಹಳೇ ಜೆಟ್‌ಗಳನ್ನು ಚೀಟಿ ಹಚ್ಚಿ ಎತ್ತಿಡಿ. ಮುಂದೆ ಮನೆ ಬದಲಿಸಿ ಅದೇ ಒಲೆಯನ್ನು ಸಿಲಿಂಡರಿಗೆ ಜೋಡಿಸಿದರೆ ದೊಡ್ಡ ಜೆಟ್ಟಿನಿಂದ ಮೊಳದುದ್ದ ಹಳದಿ ಉರಿ ಏಳುತ್ತದೆ. ಇನ್ನೊಂದು ವ್ಯತ್ಯಾಸ: ಸೋರಿದ ಸಿಲಿಂಡರ್ ಗ್ಯಾಸು ನೆಲದಲ್ಲಿ ಹರಡುತ್ತದೆ, ಪೈಪಿನ ಗ್ಯಾಸು ಮೇಲೇರುತ್ತದೆ. ಅಡುಗೆಮನೆಯ ಮೇಲಿನ ಬೆಳಕಿಂಡಿಗೆ ರಟ್ಟು ಹೊಡೆದಿದ್ದರೆ ಕಿತ್ತುಬಿಡಿ.

ಪ್ರಶ್ನೆ: ಇಲಿ ಗ್ಯಾಸ್ ಪೈಪ್ ಕಡಿದಿದೆ. ಮೇಲ್ಪದರ ಮಾತ್ರ ಹೋಗಿದೆ, ಟೇಪ್ ಸುತ್ತಿದ್ದೇನೆ. ಸಾಕೇ?
— ಬ್ಯಾಡಗಿ

ಉತ್ತರ: ಸಾಲದು, ಇವತ್ತೇ ಬದಲಿಸಿ. ಟೇಪ್ ಸೋರಿಕೆಯನ್ನು ತಡೆಯುವುದಿಲ್ಲ, ಕಣ್ಣಿಗೆ ಮರೆ ಮಾಡುತ್ತದೆ ಅಷ್ಟೇ. ಒಳಗೆ ಉಕ್ಕಿನ ತಂತಿಯ ಹೆಣಿಗೆ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಏಜೆನ್ಸಿಯಿಂದಲೇ ತನ್ನಿ. ಮೈಮೇಲೆ ಬರೆದ ದಿನಾಂಕದಿಂದ ಐದು ವರ್ಷ ಅದರ ಆಯುಷ್ಯ. ಒಂದೂವರೆ ಮೀಟರಿಗಿಂತ ಉದ್ದ ಬೇಡ, ನಡುವೆ ಜೋಡು ಬೇಡ, ಒಲೆಯ ಹಿಂದೆ ಅಥವಾ ಕೆಳಗೆ ಕಾವಿಗೆ ತಾಗಿ ಹಾಯಬಾರದು. ಎರಡೂ ತುದಿಯನ್ನು ಮೂತಿಯ ಬುಡದವರೆಗೆ ತಳ್ಳಿ ಕೂರಿಸಿ. ಬದಲಿಸುವ ಮೊದಲೇ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ, ಸ್ವಿಚ್ಚು ಹಾಕಲೂ ಬೇಡ, ಆರಿಸಲೂ ಬೇಡ. ಅಂಗಳಕ್ಕೆ ಬಂದು 1906ಕ್ಕೆ ಫೋನ್ ಮಾಡಿ.